ಕೋಟು ತೊಟ್ಟ ಬೀರಲಿಂಗಪ್ಪ

"ಇನ್ನೊಂದಿಷ್ಟು ಜಗ್ಗೋ ಬಬ್ಲು, ಎಡಕ್ಕ ಜೋಲಾಕತ್ತೇತಿ."

ಬಬ್ಲು ಜಗ್ಗಿದ. ಸೆಕ್ಟರಿನ ಮೂಲೆಯ ಎರಡು ಕಂಬಗಳ ನಡುವೆ ಮುದುಡಿಕೊಂಡಿದ್ದ ಫ್ಲೆಕ್ಸು ಪಟ್ಟನೆ ಬಿಚ್ಚಿ ಗಾಳಿಗೆ ಎದೆಯುಬ್ಬಿಸಿ ನಿಂತಿತು. ಕೆಳಗಿದ್ದವರೆಲ್ಲ ತಲೆಯೆತ್ತಿದರು.

ಮೇಲೆ ಕೆಂಪಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ನಡುವೆ ಬೀರಲಿಂಗಪ್ಪನ ತಲೆ, ಆಧಾರ್ ಕಾರ್ಡಿನಲ್ಲಿದ್ದ ಹಾಗೆಯೇ ಬೆಚ್ಚಿದ ಕಣ್ಣು. ತಲೆಯ ಕೆಳಗೆ ಕಡುನೀಲಿ ಕೋಟು, ಬಿಳಿ ಅಂಗಿ, ಕೆಂಪು ಟೈ. ಕೋಟಿನ ಕಿಸೆಯಲ್ಲಿ ಒಂದು ಗುಲಾಬಿ. ಹೆಸರನ್ನು ಬಂಗಾರದ ಬಣ್ಣದ ಸೊಟ್ಟ ಅಕ್ಷರಗಳಲ್ಲಿ ತೀರ ಕೆಳಗೆ ಹಾಕಿದ್ದರು. ಬಿಸಿಲಿಗೆ ಅದು ಕಾಣುತ್ತಲೇ ಇರಲಿಲ್ಲ.

"ಯಾರಲೇ ಇಂವ?" ಎಂದು ಮೊದಲು ಬಾಯಿಬಿಟ್ಟವನು ಹೊಳಬಸಪ್ಪ. ಸತ್ತವನ ತಮ್ಮ. ಬೆಳಿಗ್ಗೆಯೇ ಶಿರೂರಿನಿಂದ ಬಂದು ಎಲ್ಲ ಏರ್ಪಾಟನ್ನೂ ಕೈಗೆ ತೆಗೆದುಕೊಂಡಿದ್ದ.

"ನಿಮ್ಮ ಅಣ್ಣಾರ್ರಿ."

"ನಮ್ಮಣ್ಣ ಮದಿವ್ಯಾಗೂ ಕೋಟ್ ಹಾಕ್ಕೊಂಡಾಂವಲ್ಲ. ಇಂವ ಯಾವನೋ ಬ್ಯಾಂಕ್ ಮ್ಯಾನೇಜರ್ ಇದ್ದಂಗ ಅದಾನ."

"ನೀವು ಕೊಟ್ಟದ್ದು ಬರೇ ಆಧಾರ್ ಕಾರ್ಡ್‌ರಿ," ಎಂದ ಬಬ್ಲು, ಹಗ್ಗ ಬಿಗಿಯುತ್ತ. ಫ್ಲೆಕ್ಸ್ ಅಂಗಡಿ ಅವನದೇ. "ಅದರಾಗ ಕುತ್ತಗಿ ಮಟಾ ಅಷ್ಟ ಇತ್ತು. ಮೈ ನಾನ ಕೂಡಿಸೇನಿ. ನಮ್ಮ ಕಂಪ್ಯೂಟರ್‌ನ್ಯಾಗ ಇರೂದು ಇದೊಂದ ಮೈ. ಸತ್ತವರಿಗೂ ಇದ, ಹುಟ್ಟಹಬ್ಬದವರಿಗೂ ಇದ. ಹುಟ್ಟಹಬ್ಬ ಇದ್ರ ಕೈಯಾಗ ಒಂದು ಮೊಬೈಲ್ ಕೊಡ್ತೇವಿ, ಅಷ್ಟ ಫರಕ."

ಯಾರೋ ಕಿಸಕ್ಕೆಂದರು. ನಗಬಾರದ ದಿನವೆಂದು ನೆನಪಾಗಿ ಕೆಮ್ಮಿದರು.

"ಬ್ಯಾರೆ ಮಾಡ್ಕೊಂಡು ಬಾ, ಹೋಗು."

"ಕರೆಂಟ್ ಹೋತ್ರಿ. ಇವತ್ತ ಲೈನ್ ರಿಪೇರಿ ಐತಿ, ಸಂಜಿ ಐದರ ತನಕಾ ಬರೂದಿಲ್ಲ."

ಮಗ ಸೋಮಲಿಂಗ ಎರಡು ಕೈಯಿಂದಲೂ ಮುಖ ಒರೆಸಿಕೊಂಡ. ಹತ್ತು ದಿನ ದವಾಖಾನೆಯಲ್ಲಿ ಕಾದು ಕಣ್ಣು ಕೆಂಪಾಗಿದ್ದವು. "ಇರ್ಲಿ ಬಿಡ್ರಿ ಕಾಕಾ. ಮಾರಿ ಅಪ್ಪಂದ ಐತಲ್ಲ. ಮಾರಿ ನೋಡಿ ಮಂದಿ ಗುರ್ತ ಹಿಡೀತಾರ."

ಗೇಟಿನ ಹತ್ತಿರ ಅವನ ಹೆಂಡತಿ ಲಲಿತಾ ನೀರಿನ ಕೊಡ ಹಿಡಿದು ನಿಂತಿದ್ದಳು. ಗುರುತು ಹಿಡಿಯಲಾರರು ಎಂದು ಅವಳಿಗೆ ಗೊತ್ತಿತ್ತು.

ನವನಗರದಲ್ಲಿ ದಾರಿ ಹೇಳುವುದು ಕಷ್ಟ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರಿನಲ್ಲಿ ಅಗಸಿ, ಗಿರಣಿ, ಬೇವಿನ ಗಿಡ ಎಂದರೆ ಸಾಕಿತ್ತು. ಇಲ್ಲಿ ಎಲ್ಲವೂ ನಂಬರು. ಒಂದು ರಸ್ತೆಯ ಹಾಗೆಯೇ ಇನ್ನೊಂದು, ಒಂದು ಗೇಟಿನ ಹಾಗೆಯೇ ಇನ್ನೊಂದು. ಅದಕ್ಕೇ ಯಾರಾದರೂ ಸತ್ತರೆ ದೊಡ್ಡ ರಸ್ತೆಗೆ ಕಾಣುವ ಹಾಗೆ ಮೂಲೆಯಲ್ಲಿ ಫ್ಲೆಕ್ಸು ಕಟ್ಟುವುದು ರೂಢಿಯಾಗಿತ್ತು. ಹಳ್ಳಿಯಿಂದ ಬಂದವರು, ಓದಲು ಬಾರದವರು, ಅದನ್ನು ನೋಡಿಯೇ ಒಳಗೆ ತಿರುಗುತ್ತಿದ್ದರು.

ಪಡಸಾಲೆಯಲ್ಲಿ ಬೀರಲಿಂಗಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ತಲೆಗೆ ರುಮಾಲು, ಹೆಗಲಿಗೆ ಕರಿ ಕಂಬಳಿ, ಹಣೆತುಂಬ ಅರಿಷಿಣದ ಭಂಡಾರ. ಪಕ್ಕದಲ್ಲಿ ಸೋಮವ್ವ ಗಂಡನ ಮೊಣಕಾಲಿನ ಮೇಲೊಂದು ಕೈಯಿಟ್ಟು, ಅಳದೆ, ಬಾಗಿಲನ್ನೇ ನೋಡುತ್ತಿದ್ದಳು. ಮೂರು ಗಂಟೆಗೆ ಟ್ರ್ಯಾಕ್ಟರ್ ಹೊರಡಬೇಕು. ಶಿರೂರಿನ ಹೊಲದಲ್ಲಿ ಕುಣಿ ತೋಡಿಸಿಯಾಗಿತ್ತು. ಮುಖ ನೋಡಬೇಕಾದವರು ಅಷ್ಟರೊಳಗೆ ಬಂದು ನೋಡಬೇಕು.

ಮೂವತ್ತೊಂದು ವರ್ಷ ಬಾದಾಮಿಯಿಂದ ಇಳಕಲ್ಲಿನ ತನಕ ಬಸ್ಸಿನಲ್ಲಿ ಕಂಡಕ್ಟರನಾಗಿ ಮಂದಿಯ ನಡುವೆ ಓಡಾಡಿದ ಮನುಷ್ಯ. ಹತ್ತೂವರೆಯಾದರೂ ಪಡಸಾಲೆಯಲ್ಲಿ ಹದಿನೈದು ಜನ ಇರಲಿಲ್ಲ.

*

ಲಲಿತಾ ಸೊಸೆಯಾಗಿ ಬಂದದ್ದು ಮಾವ ನಿವೃತ್ತನಾದ ವರ್ಷ. ಅವನ ಬಸ್ಸನ್ನು ಅವಳು ಒಮ್ಮೆಯೂ ಹತ್ತಿರಲಿಲ್ಲ. ಅವಳು ಕಂಡ ಬೀರಲಿಂಗಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಪೇಪರು ಓದುವವನು, ಎರಡು ಸಲ ಚಹಾ ಕೇಳುವವನು.

ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಅವಳು ಫೋನು ಮುಂದಿಟ್ಟುಕೊಂಡು ಚಿತ್ರ ಬರೆಯಲು ಕಲಿಯುತ್ತಿದ್ದಳು. ಕತೆಯ ಪಾತ್ರ ಹೇಗೆ ಕಟ್ಟಬೇಕು ಎನ್ನುವ ಪಾಠಗಳು. ಮನೆಯ ಹಳೆಯ ಕ್ಯಾಲೆಂಡರುಗಳ ಹಿಂಭಾಗವೆಲ್ಲ ಅವಳ ಪಾಟಿ. ಒಂದು ಮೇಕೆ ಬಸ್ಸಿನಲ್ಲಿ ಸಂತೆಗೆ ಹೋಗುವ ಕತೆ ಬರೆದು, ಚಿತ್ರ ಹಾಕಿ, ಮಕ್ಕಳ ಮಾಸಪತ್ರಿಕೆಗೆ ಕಳಿಸಿದಳು. ಅದು ಎರಡು ಸಾಲಿನ ಪತ್ರದೊಂದಿಗೆ ತಿರುಗಿ ಬಂತು. ಕತೆ ಚೆನ್ನಾಗಿದೆ. ಚಿತ್ರದಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ.

ಅವಳು ಅದನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಳು. ಬೆಲ್ಲ ಹುಡುಕಲು ಬಂದ ಮಾವನಿಗೆ ಸಿಕ್ಕಿತು.

"ಇವ್ರೆಲ್ಲಾ ಒಂದ ತಾಯಿ ಮಕ್ಕಳೇನವಾ?" ಎಂದ, ಕನ್ನಡಕ ಏರಿಸಿ.

"ಅಲ್ರಿ ಮಾವ. ಇಂವ ಗೌಡ. ಇಂವ ಡ್ರೈವರ್. ಇಂವ ಕಳ್ಳ."

"ಕಳ್ಳಗ ಮೀಸಿ ಇಟ್ಟೀ. ಗೌಡಗ ಅದಕ್ಕಿಂತ ದೊಡ್ಡ ಮೀಸಿ ಇಟ್ಟೀ. ಮೀಸಿ ಬೋಳಿಸಿದ್ರ?"

ಲಲಿತಾ ಬೆರಳಿನಿಂದ ಮೀಸೆಗಳನ್ನು ಮುಚ್ಚಿ ನೋಡಿದಳು. ಮೂವರೂ ಒಬ್ಬನೇ.

ಮರುದಿನ ಅವನು ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕೂಡಿಸಿದ. "ಕಣ್ಣ ಅರ್ಧಾ ಮುಚ್ಚು. ಮಾರಿ ಕಾಣಬಾರ್ದು, ಬರೇ ಕರೀ ನೆಳ್ಳ ಕಾಣಬೇಕು. ಬಸ್ ಇನ್ನೂ ಫರ್ಲಾಂಗ್ ದೂರ ಇದ್ದಾಗ ನಮಗ ಅಷ್ಟ ಕಾಣತಿತ್ತು. ಈಗ ಹೇಳು, ಆ ಕಂಬದ ಹತ್ರ ಯಾರು ನಿಂತಾರ?"

"ಒಬ್ಬಾಕಿ ಹೆಂಗಸು. ಒಬ್ಬ ಹುಡುಗ. ಎಂಟೊಂಬತ್ತ ವರ್ಷದಾಂವ."

"ಅವನ ಮೊಣಕಾಲ ನೋಡು."

ಹುಡುಗ ಮೊಣಕಾಲು ಬಾಗಿಸಿ ನಿಂತಿದ್ದ. ತಾಯಿಯ ಅಂಗೈ ಅವನ ತಲೆಯ ಮೇಲಿತ್ತು. ಮುದ್ದಿಗಲ್ಲ, ಕೆಳಗೊತ್ತಲು.

"ಹದಿಮೂರ ನಡದೈತಿ ಅವಗ. ಅರ್ಧಾ ಟಿಕೀಟ್ ಬೇಕಾಗೇತಿ. ಈಗ ಮಜಾ ನೋಡು, ಬಸ್ ಹತ್ತಿ ಟಿಕೀಟ್ ಆದ ಕೂಡ್ಲೆ ಹೆಂಗ ಉದ್ದಾಗ್ತಾನ." ಬೀರಲಿಂಗಪ್ಪ ತೊಡೆ ತಟ್ಟಿ ನಕ್ಕ. "ಮನಿಶ್ಯಾಗ ಏನ ಬೇಕಾಗೇತಿ ಅನ್ನೂದು ಮೈಯಾಗ ಇರ್ತೇತಿ ಲಲಿತಾ. ಮೊದಲ ಅದನ್ನ ಬರಿ. ಮಾರಿ ಆಮ್ಯಾಲೆ."

"ಫೋನಿನ್ಯಾಗ ಬ್ಯಾರೆ ಹೇಳ್ತಾರ್ರಿ ಮಾವ. ಗುಂಡಗ ಬರದ್ರ ಒಳ್ಳ್ಯಾವ್ರು, ಚೌಕ ಬರದ್ರ ಗಟ್ಟಿ ಮಂದಿ, ಮೂಲಿಮೂಲಿ ಬರದ್ರ ಕೆಟ್ಟವರಂತ."

"ನಿಮ್ಮತ್ತಿ ಗುಂಡಗ ಅದಾಳಲ್ಲ," ಎಂದ ಅವನು ಗಂಭೀರವಾಗಿ. "ಗುಂಡಗ ಬರಿ, ಬ್ಯಾಡನ್ನೂದಿಲ್ಲ. ಆದ್ರ ಮೂಲಿ ಎಲ್ಲಿ ಮುಚ್ಚಿಟ್ಟಾಳ, ಅದನ್ನೂ ಹುಡುಕಿ ಬರಿ."

ಆ ದಿನ ಮೂರು ತಾಸು, ಆಮೇಲೆ ಪ್ರತಿ ಸೋಮವಾರ. ಹೆರಿಗೆಗೆ ತವರಿಗೆ ಹೊರಟವಳ ನಡಿಗೆ ಬೇರೆ, ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಮರಳುವವಳ ನಡಿಗೆ ಬೇರೆ. ಕೈಗೂ ಮೈಗೂ ನಡುವೆ ಬೆಳಕು ಬಿಡದಿದ್ದರೆ ದೂರದಿಂದ ಮನುಷ್ಯ ಮೂಟೆಯಾಗುತ್ತಾನೆ. ಇರುವುದನ್ನು ಒಂದು ಗೇಣು ಹೆಚ್ಚು ಮಾಡು, ಇಲ್ಲದ್ದನ್ನು ತರಬೇಡ. ಲಲಿತಾ ಬರೆದಳು, ಹರಿದಳು, ಬರೆದಳು. ಮೊಣಕಾಲು ಬಾಗಿಸಿದ ಹುಡುಗನ ಕತೆ ಆ ಪತ್ರಿಕೆಯಲ್ಲೇ ಅಚ್ಚಾಯಿತು. ಬೀರಲಿಂಗಪ್ಪ ಆ ಸಂಚಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಒಂದು ತಿಂಗಳು ಚಹಾದಂಗಡಿಗೆ ಹೋದ. "ಚಿತ್ರಾ ಸೊಸೀದು. ಹುಡುಗನ್ನ ಹಿಡದ ಕೊಟ್ಟಾಂವ ನಾನು."

*

ಹನ್ನೊಂದಕ್ಕೆ ಸೋಮಲಿಂಗನ ಫೋನು ಬಡಿಯತೊಡಗಿತು.

"ಎಲ್ಲಿ ಅದೀರಿ? … ಫ್ಲೆಕ್ಸ್ ಕಾಣಲಿಲ್ಲೇನು? … ಹೌದು ಅದ… ಕೋಟ್ ಹಾಕ್ಕೊಂಡಾರಲ್ಲ, ಅವ್ರ ಅಪ್ಪ… ಅಲ್ರಿ, ಸಾಹೇಬ್ರಲ್ಲ, ಅಪ್ಪ!"

ಶಿರೂರಿನಿಂದ ಹೆಂಗಸರನ್ನು ತುಂಬಿಕೊಂಡು ಬಂದ ಟಂಟಂ ಆಟೋ ಮೂಲೆಯವರೆಗೆ ಬಂದು, ‘ಯಾರೋ ದೊಡ್ಡ ಸಾಹೇಬ್ರು ತೀರ್ಕೊಂಡಾರ, ಈ ಓಣಿ ಅಲ್ಲ’ ಎಂದು ಮುಂದೆ ಹೋಗಿತ್ತು. ಈಗ ಅದು ಯಾವ ಸೆಕ್ಟರಿನಲ್ಲಿದೆಯೆಂದು ಅದರ ಡ್ರೈವರನಿಗೂ ತಿಳಿಯದು. ಬಾದಾಮಿಯ ಇಬ್ಬರು ಬೇರೆ ಯಾರದೋ ಮನೆಯ ಸೀಮಂತಕ್ಕೆ ಹೋಗಿ ಕುಳಿತು, ಸಿಹಿ ಉಂಡಿ ಕೈಗೆ ಬಂದ ಮೇಲೆ ಎದ್ದು ಬಂದಿದ್ದರು.

ಬೆವರುತ್ತ ಒಳಗೆ ಬಂದ ಮುದುಕನನ್ನು ಸೋಮವ್ವ ಮಾತ್ರ ಗುರುತು ಹಿಡಿದಳು. ಡ್ರೈವರ್ ಗಾಳೆಪ್ಪ. ಹದಿನೆಂಟು ವರ್ಷ ಬೀರಲಿಂಗಪ್ಪನ ಜೊತೆ ಒಂದೇ ಗಾಡಿ ನಡೆಸಿದವನು.

"ಎರಡ ಸಲಾ ನಿಮ್ಮ ಮೂಲಿ ದಾಟಿ ಹೋಗೇನಿ ನೋಡವಾ ಸೋಮವ್ವ. ಹದಿನೆಂಟ ವರ್ಷ ಕನ್ನಡ್ಯಾಗ ನೋಡಿದ ಮನಿಶ್ಯಾನ್ನ ಗುರ್ತ ಹಿಡೀಲಿಲ್ಲಲ್ಲ, ನಂಗ ಕಣ್ಣು ಹೋದ್ವೇನು ಅಂತ ಹೆದರಿದೆ. ಯಾವನಿಂವ ಕೋಟಿನಾಂವ?"

"ಬೀರಲಿಂಗಪ್ಪಂತ," ಎಂದಳು ಸೋಮವ್ವ ಒಣದನಿಯಲ್ಲಿ. "ಎರಡನೇ ಲಗ್ನಾ ಮಾಡ್ಕೊಳ್ಳಾಕ ಹೊಂಟಾನ."

ಗಾಳೆಪ್ಪ ಹೆಣದ ಮುಂದೆ ಕುಳಿತ. ಗೆಳೆಯನ ಕಾಲು ಮುಟ್ಟಿದ. ಆಮೇಲೆ ತಲೆಯೆತ್ತಿ ಪಡಸಾಲೆಯ ಖಾಲಿ ನೆಲ ನೋಡಿ, "ಇವಗ ಇಷ್ಟ ಮಂದೀನಾ?" ಎಂದ. ಮೂರಕ್ಕೆ ಇನ್ನು ಮೂರೂವರೆ ತಾಸಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಲಿತಾ ಪಡಸಾಲೆಯ ತಲೆಗಳನ್ನು ಇನ್ನೊಮ್ಮೆ ಎಣಿಸಿದಳು.

*

ಮಾವನನ್ನು ಅವಳು ಹನ್ನೊಂದು ಸಲ ಬರೆದಿದ್ದಳು.

ಮೊದಲ ಸಲ ಹೆಗಲಿಗೆ ತೊಗಲಿನ ಚೀಲ, ಬಾಯಲ್ಲಿ ಸೀಟಿ, ಖಾಕಿ ಅಂಗಿ ಬರೆದು ಓಡಿ ಬಂದು ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. "ಇಂವ ಕಂಡಕ್ಟರ್. ಡಿಪೋದಾಗ ಇನ್ನೂರ ಮಂದಿ ಅದಾರ. ನಾ ಎಲ್ಲಿ?"

ಚೀಲ ತೆಗೆದು, ಕುರ್ಚಿಯಲ್ಲಿ ಪೇಪರು ಹಿಡಿದವನನ್ನು ಬರೆದಳು. ಮೂಗು, ಹಣೆಯ ಮೂರು ಗೆರೆ, ಕಿವಿಯ ಕೂದಲು ಎಲ್ಲ ಸರಿಯಿದ್ದವು. "ಮಾರಿ ಕರೆಕ್ಟ್ ಐತಿ," ಎಂದ. "ಆದ್ರ ಇಂವ ಪೆನ್ಷನ್ ಮುದುಕ. ಮನ್ಯಾಗ ನಾ ಸುಮ್ನ ಕುಂದ್ರೂ ಮನಿಶ್ಯಾ. ಕುಂತಾವನ್ನ ಬರದು ಏನ್ ಮಾಡ್ತಿ?"

"ಹಂಗಾರ ನಿಂತು ತೋರಸ್ರಿ."

ಅವನು ಎದ್ದು ನಿಂತ. ಫೋಟೋಗೆ ನಿಂತವರ ಹಾಗೆ, ಕೈ ಎರಡೂ ತೊಡೆಗೆ ಅಂಟಿಸಿ. ಇಬ್ಬರೂ ನಕ್ಕರು. "ಬೇಕಂದ್ರ ಬರೂದಿಲ್ಲವಾ ಅದು. ನಾ ಹೆಂಗ ಇರ್ತಿದ್ದೆ ಅಂತ ನನಗ ಹೆಂಗ ಗೊತ್ತಾಗಬೇಕು? ಟಿಕೀಟ್ ತಗೊಂಡವರನ್ನ ಕೇಳಬೇಕು."

ಹನ್ನೊಂದನೆಯದು ದವಾಖಾನೆಯಲ್ಲಿ. ಔಷಧ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದಿದ್ದಳು. ಅವನು ಕಣ್ಣು ಕಿರಿದು ಮಾಡಿ, ಚೀಟಿಯನ್ನು ದೂರ ಹಿಡಿದು ನೋಡಿ ಮೆಲ್ಲಗೆ ತಲೆಯಾಡಿಸಿದ.

"ಇದೂ ಅಲ್ಲ. ಇನ್ನೊಮ್ಮಿ ಬರಿ. ಅವಸರಿಲ್ಲ."

*

ಗಾಳೆಪ್ಪ ಚಹಾ ಕುಡಿದು ಅಂಗಳದಲ್ಲಿ ನಿಂತು ಹೊಳಬಸಪ್ಪನಿಗೆ ಹೇಳುತ್ತಿದ್ದ. "ಒಂದ ದಿವಸ ಒಬ್ಬಾಕಿ ಮುದುಕಿ ಹತ್ತಿದ್ಲು. ಎಲ್ಲಿಗೆವಾ ಅಂದ್ರ ಮಗಳ ಊರಿಗೆ ಅಂದ್ಲು. ಮಗಳ ಊರ ಯಾವ್ದು ಅಂದ್ರ ಮಗಳ ಊರ ಮಗಳ ಊರ ಅಂತಾಳ! ಹಿಂದ ಮಂದಿ ಎಲ್ಲಾ ಇಳಸ್ರಿ ಆಕಿನ್ನ ಅಂತ ಗದ್ಲ. ಇಂಜಿನ್ ಸಪ್ಪಳ ಬ್ಯಾರೆ. ಇಂವ ಏನ್ ಮಾಡ್ಬೇಕು? ಹಿಂಗ ನಿಂತಾ…"

ಗಾಳೆಪ್ಪ ತನಗೆ ಗೊತ್ತಿಲ್ಲದೆಯೇ ಸೊಂಟವನ್ನು ತುಳಸಿಕಟ್ಟೆಗೆ ಆನಿಸಿದ. ಒಂದು ಕಾಲು ಹಿಂದಕ್ಕೆ ಚಾಚಿ ಊರಿತು. ಬೆನ್ನು ಬಾಗಿತು. ತಲೆ ಓರೆಯಾಗಿ, ಬಲಗಿವಿ ಸೀಟಿನಲ್ಲಿ ಕುಳಿತವರಿಗೆ ಒಪ್ಪಿಸಿದ ಹಾಗೆ ಮುಂದೆ ಬಂತು.

"…‘ಮನಿ ಮುಂದ ಏನೈತಿ ಯವ್ವಾ? ಭಾವಿ? ಹುಣಸಿ ಗಿಡ? ಗುಡಿ ಯಾವ್ದು?’ ಅಂತ ಕೇಳ್ಕೋತ ಕೇಳ್ಕೋತ ಊರ ಹುಡುಕೇ ಬಿಟ್ಟ. ಇಳಿಸಿ ಮಗಳ ಕೈಯಾಗ ಒಪ್ಪಿಸಿ ಬಂದ. ಹನ್ನೆರಡ ಮಿನಿಟ್ ಲೇಟ್ ನಮ್ಮ ಗಾಡಿ."

ಹೊಳಬಸಪ್ಪ ಮೂಗು ಒರೆಸಿಕೊಂಡ. "ಮನ್ಯಾಗ ಕೇಳಿದ್ದಕ್ಕ ಮಾತಾಡ್ತಿದ್ದಿಲ್ಲ, ಬಸ್ಸಿನ್ಯಾಗ ಬ್ಯಾರೆನ ಆಗ್ತಿದ್ದ. ನಾ ಒಮ್ಮೆ ಸಿಟ್ಟಾಗಿ ಹೊಲಾ ಪಾಲ ಮಾಡ್ಕೊಡು ಅಂತ ಅವನ ಬಸ್ ಹತ್ತಿ ಬೈಯಾಕ ಹತ್ತಿದೆ. ಇಂವ ತಿರುಗಿ ಬೈಲಿಲ್ಲ. ಇಷ್ಟ ಮಾಡಿದ…"

ಹೊಳಬಸಪ್ಪ ಕಂಬಕ್ಕೆ ಸೊಂಟ ಕೊಟ್ಟ. ಕಾಲು ಹಿಂದಕ್ಕೆ. ತಲೆ ಓರೆ. ಬಲಗಿವಿ ಮುಂದೆ.

"…ಶಿರೂರ ಬರೂ ಮಟಾ ಕೇಳಿದ. ಇಳಿಯೂ ಮುಂದ ನನಗ ಬೈಯಾಕ ಏನೂ ಉಳದಿದ್ದಿಲ್ಲ."

ಚಹಾದ ತಾಟು ಹಿಡಿದು ಬಂದ ಲಲಿತಾ ಅಲ್ಲೇ ನಿಂತಳು. ಒಬ್ಬರೊಡನೊಬ್ಬರು ಇವತ್ತೇ ಮೊದಲು ಮಾತಾಡಿದ ಇಬ್ಬರು. ಇಬ್ಬರ ಮೈಯಲ್ಲೂ ಒಂದೇ ಬಾಗು.

ಅವಳು ತಾಟನ್ನು ಅಲ್ಲೇ ಇಟ್ಟು ಮೂಲೆಗೆ ಓಡಿದಳು. ಬಬ್ಲು ಕಂಬದ ನೆರಳಲ್ಲಿ ಕುಳಿತು ಯಾರೊಂದಿಗೋ ಫೋನಿನಲ್ಲಿ ಕರೆಂಟಿನ ವಿಚಾರ ಜಗಳಾಡುತ್ತಿದ್ದ.

"ಬಬ್ಲು, ನೀ ಯಾವತ್ತರೆ ಇಳಕಲ್ ಬಸ್ಸಿಗೆ ಹೋಗೀಯೇನು?"

"ಹುನಗುಂದದ ಕಾಲೇಜಿಗೆ ಮೂರ ವರ್ಷ ಓಡ್ಯಾಡೇನ್ರಿ ಅಕ್ಕಾರ. ಯಾಕ್ರಿ?"

"ಮುಂಜಾನಿ ಗಾಡಿ ಕಂಡಕ್ಟರ್ ಹೆಂಗ ನಿಂದರ್ತಿದ್ರು? ಮಾತಾಡಬ್ಯಾಡ. ನಿಂತು ತೋರಸು."

ಬಬ್ಲು ತಲೆ ಕೆರೆದುಕೊಂಡು ಎದ್ದ. ಕಂಬಕ್ಕೆ ಸೊಂಟ ಆನಿಸಿದ, ಕಾಲು ಹಿಂದೆ ಚಾಚಿದ, ಕಿವಿ ಬಗ್ಗಿಸಿದ. ಹಾಗೆಯೇ ನಿಂತವನ ಮುಖ ಬದಲಾಯಿತು. ಮೇಲಿದ್ದ ಕೋಟಿನ ಮನುಷ್ಯನನ್ನು ನೋಡಿದ.

"ಅಯ್ಯಯ್ಯ… ಇವ್ರು ಅವ್ರೇನ್ರಿ? ಪಾಸ್ ಮರತು ಬಂದ ದಿನ ಒಂದ ಮಾತ ಅನ್ನದ ಕೂಡಿಸ್ತಿದ್ರಲ್ಲ, ಅವ್ರು? ಮುಂಜಾನಿಂದ ನನ್ನ ಕೈಲೇನ ಮಾರಿ ಕತ್ತರಿಸಿ ಕೂಡಿಸೇನಿ, ಗೊತ್ತಾಗಲಿಲ್ಲಲ್ರಿ!"

"ಫ್ಲೆಕ್ಸ್ ಇಳಿಸು," ಎಂದಳು ಲಲಿತಾ.

ಫ್ಲೆಕ್ಸಿನ ಬೆನ್ನು ಬೆಳ್ಳಗಿತ್ತು. ಅದನ್ನು ಬೋರಲಾಗಿ ರಸ್ತೆಯ ಮೇಲೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟರು. ಗೇಟಿಗೆ ಬಳಿದು ಉಳಿದಿದ್ದ ಕರಿ ಬಣ್ಣದ ಡಬ್ಬಿ ಹಿತ್ತಲಲ್ಲಿತ್ತು. ಲಲಿತಾ ಸೆರಗು ಸೊಂಟಕ್ಕೆ ಬಿಗಿದು ಮೊಣಕಾಲೂರಿ ಕುಳಿತಳು. ಇದ್ದಿಲಿನಿಂದ ಒಂದೇ ಒಂದು ಗೆರೆ, ಹಿಮ್ಮಡಿಯಿಂದ ತಲೆಯ ತನಕ. ಬಿಲ್ಲಿನ ಹಾಗೆ ಬಾಗಿದ ಗೆರೆ. ಬಾಗನ್ನು ಇದ್ದದ್ದಕ್ಕಿಂತ ಒಂದು ಗೇಣು ಹೆಚ್ಚು ಮಾಡಿದಳು. ಸೀಟಿನ ಬೆನ್ನಿಗೆ ಆನಿದ ಸೊಂಟ. ಹಿಂದೆ ಚಾಚಿದ ಕಾಲು. ಯಾವುದನ್ನೂ ಹಿಡಿಯದೆ ಬಿಟ್ಟ ಎರಡು ಕೈ, ಮೊಣಕೈಗೂ ಪಕ್ಕೆಗೂ ನಡುವೆ ಬೆಳಕು. ಓರೆಯಾದ ತಲೆ, ಮುಂದೆ ಬಂದ ಕಿವಿ. ಆಮೇಲೆ ಕುಂಚ ಅದ್ದಿ ತುಂಬತೊಡಗಿದಳು. ಕಣ್ಣಿಲ್ಲ, ಮೂಗಿಲ್ಲ. ಎಲ್ಲ ಕಪ್ಪು.

ಸುತ್ತ ಜನ ಸೇರಿತು. ಗದ್ದಲ ಕೇಳಿ ಹೊಳಬಸಪ್ಪ ಬಂದ.

"ಲಲಿತವ್ವಾ, ಏನಿದು? ಮಾವ ಒಳಗ ಕುಂತಾನ, ನೀ ಬೀದ್ಯಾಗ ಕುಂತು ಬಣ್ಣಾ ಬಳೀತಿ!"

"ಸ್ವಲ್ಪ ತಡೀರಿ ಸಣ್ಣಮಾವ."

"ಮಾರಿ ಎಲ್ಲೈತಿ ಇದಕ್ಕ?"

"ಇಲ್ರಿ."

"ಮಾರಿ ಇಲ್ಲದ ಶ್ರದ್ಧಾಂಜಲಿ ಎಲ್ಲೆರೆ ನೋಡೀರೇನ್ರೋ? ಭೂತ ಇದ್ದಂಗ ಐತಿ! ನಾಳೆ ಮಂದಿ ಕೇಳೂದು ನನ್ನ. ಸೋಮಲಿಂಗ, ನಿನ್ನ ಹೇಣ್ತಿಗೆ ಹೇಳು."

ಸೋಮಲಿಂಗ ಹೆಂಡತಿಯನ್ನು ನೋಡಿದ, ಕಾಕಾನನ್ನು ನೋಡಿದ, ಚಿತ್ರವನ್ನು ನೋಡಿದ. ತಲೆಕೆಳಗಾಗಿ ಕಾಣುತ್ತಿದ್ದ ಅದು ಅವನಿಗೂ ಬರೀ ಕಪ್ಪು ಕಲೆ. "ಲಲಿತಾ, ಇದು ಅಪ್ಪ ಹೌದೇನು?" 

"ಎತ್ತಿ ನಿಲ್ಲಸ್ರಿ. ಅಲ್ಲ ಅಂತ ಒಬ್ರಂದ್ರೂ ನಾನ ಹರೀತೇನಿ."

ಬಬ್ಲುವೂ ಗಾಳೆಪ್ಪನೂ ಎರಡು ಕಡೆ ಹಿಡಿದು ಎತ್ತಿದರು. ಆಗಲೇ ಸೋಮವ್ವ ಗೇಟಿಗೆ ಬಂದಿದ್ದಳು. ಹೆಣದ ಪಕ್ಕದಿಂದ ಅವಳು ಎದ್ದದ್ದನ್ನು ಕಂಡು ಇಬ್ಬರು ಹೆಂಗಸರು ಹಿಂದೆಯೇ ಓಡಿ ಬಂದಿದ್ದರು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳು ನಿಂತುಬಿಟ್ಟಳು. ಮುಂಜಾನೆಯಿಂದ ಒಣಗಿದ್ದ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ.

"ಕಟ್ರಿ," ಎಂದಳು.

"ವೈನಿ, ಮಾರೀನ ಇಲ್ಲ ಅದಕ್ಕ," ಎಂದ ಹೊಳಬಸಪ್ಪ ಅತ್ತಿಗೆಗೆ.

"ಮಾರಿ ನಾ ನಲವತ್ತಾರು ವರ್ಷ ನೋಡೇನಿ. ಕಟ್ಟಂದ್ರ ಕಟ್ಟು."

"ಹೆಸರರೆ ಬರೀರಿ ಅಕ್ಕಾರ," ಎಂದ ಬಬ್ಲು, ಏಣಿ ಹತ್ತುತ್ತ.

ಹೆಸರಿಗೆ ಜಾಗವೇ ಇರಲಿಲ್ಲ. ಮೊಣಕೈಗಳು ಅಂಚಿನ ತನಕ ಹೋಗಿದ್ದವು.

*

ಮೊದಲು ಬಂದದ್ದು ಶಿರೂರಿನ ಟಂಟಂ. ಒಂದು ತಾಸಿನಿಂದ ದಾರಿ ತಪ್ಪಿ ತಿರುಗುತ್ತಿದ್ದ ಅದು ದೊಡ್ಡ ರಸ್ತೆಯಲ್ಲಿ ಹಾದುಹೋಗುವಾಗ ಒಳಗಿಂದ ಒಮ್ಮೆಲೇ ಹೆಂಗಸರ ಅಳು ಎದ್ದಿತು. ಮನೆ ಇನ್ನೂ ಕಂಡಿರಲಿಲ್ಲ. "ಅಣ್ಣಾ!" ಎನ್ನುತ್ತ ಅವರು ಗಾಡಿ ನಿಲ್ಲುವ ಮೊದಲೇ ಇಳಿದರು.

ಆಮೇಲೆ ತಡೆಯಿರಲಿಲ್ಲ. ಡಿಪೋದ ಮಂದಿ ಬಂದರು. ಬಾದಾಮಿಯಿಂದ ಹೂವು ತರುವವರು, ಕಚೇರಿಯ ಗುಮಾಸ್ತರು, ಸೀರೆಯ ಗಂಟು ಹೊತ್ತ ಇಳಕಲ್ಲಿನ ನೇಕಾರ, ಒಂದು ಕಾಲದಲ್ಲಿ ಶಾಲೆಯ ಪಾಟೀಚೀಲ ಹೊತ್ತು ಹತ್ತುತ್ತಿದ್ದು ಈಗ ತಲೆ ನರೆತ ಮಾಸ್ತರರು. ಯಾರೂ ಮನೆ ನಂಬರು ಕೇಳಲಿಲ್ಲ. ದೂರದಿಂದಲೇ ಒಂದು ಕ್ಷಣ ನಿಂತು, ಚಿತ್ರದ ಕಡೆ ಕೈಮಾಡಿ, ನೇರ ಒಳಗೆ ಬಂದರು. ಪಡಸಾಲೆ ತುಂಬಿ, ಅಂಗಳ ತುಂಬಿ, ಓಣಿ ತುಂಬಿತು. ಪ್ರತಿಯೊಬ್ಬನ ಬಾಯಲ್ಲೂ ಒಂದು ಕತೆ. ಹೇಳುವಾಗ ಪ್ರತಿಯೊಬ್ಬನ ಸೊಂಟ ಯಾವುದಾದರೂ ಗೋಡೆಗೆ ಆನುತ್ತಿತ್ತು. ಟ್ರ್ಯಾಕ್ಟರನ್ನು ಮೂರರ ಬದಲು ನಾಲ್ಕಕ್ಕೆ ಹೊರಡಿಸುವುದೆಂದು ಹೊಳಬಸಪ್ಪನೇ ಕೂಗಿ ಹೇಳಿದ. ಆಮೇಲೆ ತಾನೇ ಹೂಮಾಲೆ ತರಲು ಹೋದವನು ತಿರುಗಿ ಬರುವಾಗ ಮೂಲೆಯಲ್ಲಿ ತಲೆಯೆತ್ತಿ ನೋಡಿ, "ಬಂದೆ ಅಣ್ಣಾ," ಅಂದುಬಿಟ್ಟ. ಯಾರಾದರೂ ಕೇಳಿಸಿಕೊಂಡರೇನೋ ಎಂದು ಆಚೀಚೆ ನೋಡಿ ಬೇಗ ಬೇಗ ಒಳಗೆ ನಡೆದ.

ಲಲಿತಾ ಕಂಬದ ಬುಡದಲ್ಲಿ ಸೀಮೆಎಣ್ಣೆಯಿಂದ ಕೈ ತಿಕ್ಕಿಕೊಳ್ಳುತ್ತಿದ್ದಳು. ಬಬ್ಲು ಅವಳ ಹತ್ತಿರ ಬಂದು ನಿಂತು, ಬಹಳ ಹೊತ್ತು ಮೇಲೆ ನೋಡಿ, ನಾಚಿಕೆಯಿಂದ ಕೇಳಿದ.

"ಅಕ್ಕಾರ, ಇಂಥಾವು ಇನ್ನೊಂದ ನಾಕ ಮೈ ಬರಕೊಡ್ತೀರೇನ್ರಿ? ಕಂಪ್ಯೂಟರ್‌ನ್ಯಾಗ ಇಟ್ಕೊಂತೇನಿ."

"ಇದು ಒಬ್ರದ ಮೈ ಬಬ್ಲು. ಬ್ಯಾರೆಯವರಿಗೆ ಬರೂದಿಲ್ಲ. ಅವರವರದು ಹುಡುಕಬೇಕು."

"ಹುಡುಕೂದು ಕಲಸ್ತೀರೇನು?"

ಲಲಿತಾ ಉತ್ತರ ಕೊಡುವ ಮೊದಲೇ ದೊಡ್ಡ ರಸ್ತೆಯಲ್ಲಿ ಬ್ರೇಕು ಕಿರುಗುಟ್ಟಿತು. ಇಳಕಲ್ ಕಡೆಯಿಂದ ಬಂದ ಬಸ್ಸು, ಸ್ಟಾಪೇ ಇಲ್ಲದಲ್ಲಿ, ಮೂಲೆ ದಾಟಿ ನಿಂತಿತ್ತು. ಒಳಗೆ ಕಂಡಕ್ಟರನ ಗೊಣಗು ಕೇಳಿಸುತ್ತಿತ್ತು. ಬಾಗಿಲಿನಿಂದ ಮೊದಲು ಬಳೆಯ ದೊಡ್ಡ ಬುಟ್ಟಿ ಇಳಿಯಿತು. ಅದರ ಹಿಂದೆ ಒಬ್ಬ ಮುದುಕಿ. ಬುಟ್ಟಿಯನ್ನು ತಲೆಗೇರಿಸಿಕೊಂಡು, ಚಿತ್ರದಿಂದ ಕಣ್ಣು ತೆಗೆಯದೆ, ರಸ್ತೆ ದಾಟಿ ಬಂದಳು.

"ಇಂವ ಇಲ್ಲ್ಯಾಕ ಅದಾನ?" ಎಂದು ಲಲಿತಾಳನ್ನು ಕೇಳಿದಳು. "ಮತ್ತ ಡ್ಯೂಟಿಗೆ ಹತ್ಯಾನೇನು? ಎಲ್ಲೈತಿ ಅವನ ಗಾಡಿ?"

"ನೀವು ಯಾರಬೇ? ನಿಮಗ ಯಾರ ಫೋನ್ ಮಾಡಿದ್ರು?"

"ನನ್ನ ಕಡೆ ಎಲ್ಲೈತಿ ಫೋನು? ನಾ ಶಮಶಾದಬಿ, ಹುನಗುಂದದಾಕಿ. ಇದ ಬುಟ್ಟಿ ದಾರ್ಯಾಗ ಇಟ್ಕೊಂಡು ಅವನ ಗಾಡ್ಯಾಗ ಕುಂದರ್ತಿದ್ದೆ, ಅಂವ ಬಂದಾಗ ಸರಿಸ್ತಿದ್ದೆ. ಕಿಟಕ್ಯಾಗಿಂದ ನೋಡಿದೆ, ನಿಂದರಸಂದೆ. ಸ್ಟಾಪಿಲ್ಲ ಅಂತ ಒದರತಾನ ಆ ಹೊಸಾ ಕಂಡಕ್ಟರ್. ಅಲ್ಲೋ, ಅಲ್ಲಿ ನಿಮ್ಮ ಹಿರ್ಯಾನ ನಿಂತಾನಲ್ಲೋ ಅಂದೆ."

ಲಲಿತಾ ಹೇಳಿದಳು. ನಸುಕಿನಲ್ಲಿ ಹೋದರು, ಒಳಗೆ ಕೂಡಿಸಿದ್ದೇವೆ, ಬನ್ನಿ ಎಂದಳು.

ಶಮಶಾದಬಿ ಒಳಗೆ ಹೋಗಲಿಲ್ಲ. ಬುಟ್ಟಿಯನ್ನು ಇಳಿಸಿ ಮುಂದಿಟ್ಟುಕೊಂಡು, ಆ ಮೂಲೆಯಲ್ಲೇ, ಟಾರು ರಸ್ತೆಯ ಮೇಲೆ ಕಾಲು ಚಾಚಿ ಕುಳಿತುಬಿಟ್ಟಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ತಲೆಯೆತ್ತಿದಳು. ಗಾಳಿಗೆ ಫ್ಲೆಕ್ಸು ಒಮ್ಮೆ ಒಳಗೆಳೆದುಕೊಂಡು ಮುಂದೆ ಬಂತು. ಕಪ್ಪು ಮೈ ಅವಳ ಕಡೆಗೆ ಇನ್ನಷ್ಟು ಬಾಗಿತು, ಕಿವಿ ಕೊಟ್ಟ ಹಾಗೆ.

ಮುದುಕಿಯ ಕೈ ತಾನಾಗಿಯೇ ಮುಂದೆ ಹೋಗಿ ಬುಟ್ಟಿಯನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಿತು. ಬಳೆಗಳು ಝಲ್ಲೆಂದವು. ಆಮೇಲೆ ಚಾಚಿದ್ದ ಕಾಲುಗಳನ್ನು ಒಂದೊಂದಾಗಿ ಮಡಚಿ, ಸೀರೆಯ ಅಂಚನ್ನೂ ಒಳಗೆ ಸರಿಸಿಕೊಂಡು, ಅವಳು ಒಂದಿಷ್ಟು ಪಕ್ಕಕ್ಕೆ ಸರಿದಳು. ಬಿಸಿಲು ಬಿದ್ದ ಖಾಲಿ ರಸ್ತೆಯಲ್ಲಿ ಒಬ್ಬ ಮನುಷ್ಯ ಹಾದುಹೋಗುವಷ್ಟು ದಾರಿ ಆಯಿತು.